ಅಕ್ಟೋಬರಿನ ಮುತ್ತುಗ

ಮೇಷ್ಟ್ರು ಬಸ್ಸಿನಲ್ಲಿ ಯಾವಾಗಲೂ ಎಡಗಡೆಯ ಕಿಟಕಿಗೇ ಕೂರುತ್ತಿದ್ದರು. ಬೆಳಿಗ್ಗೆ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವಾಗಲೂ ಎಡಗಡೆ, ಸಾಯಂಕಾಲ ವಾಪಸು ಬರುವಾಗಲೂ ಎಡಗಡೆ. ಹಾಗೆ ಕೂತರೆ ರಸ್ತೆಯ ಎರಡು ಬದಿಯನ್ನೂ ದಿನಕ್ಕೊಂದು ಸಲ ನೋಡಿದಂತಾಗುತ್ತದೆ ಎನ್ನುವುದು ಅವರ ಯೋಚನೆ. ಆ ಸೀಟಿನಲ್ಲಿ ಬೇರೆ ಯಾರಾದರೂ ಕೂತಿದ್ದರೆ ಜಗಳವಿಲ್ಲ, ಮಾತಿಲ್ಲ. ಪಕ್ಕದಲ್ಲೇ ನಿಂತು, ಸೊಂಟ ಬಗ್ಗಿಸಿ, ಕೂತವರ ಮೂಗಿನ ಮುಂದೆಯೇ ತಲೆ ಚಾಚಿ ಹೊರಗೆ ನೋಡುತ್ತಿದ್ದರು. ಎರಡು ಸ್ಟಾಪು ದಾಟುವುದರೊಳಗೆ ಕೂತವರಿಗೇ ಮುಜುಗರವಾಗಿ ಎದ್ದು ಜಾಗ ಬಿಡುತ್ತಿದ್ದರು.

ಶರ್ಟಿನ ಜೇಬಿನಲ್ಲಿ ಅಂಗೈಯಗಲದ ಒಂದು ನೋಟ್‌ಬುಕ್ಕು, ಅದಕ್ಕೆ ಸುತ್ತಿದ ರಬ್ಬರ್‌ಬ್ಯಾಂಡು, ಒಳಗೊಂದು ತುಂಡು ಪೆನ್ಸಿಲ್. ಯಾವ ಊರಿನ ಗೇಟಿನ ಹೊಂಗೆ ಚಿಗುರಿತು, ಯಾವ ಸೇತುವೆಯ ಪಕ್ಕದ ಹುಣಸೆ ಹೂ ಬಿಟ್ಟಿತು ಎಂದು ಕುಲುಕಾಡುವ ಬಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಿದ್ದರು. ಕಂಡಕ್ಟರಿಗೆ ಇದೊಂದು ತಮಾಷೆ.

"ಏನ್ ಮೇಷ್ಟ್ರೇ, ಹಾಜ್ರಿ ಆಯ್ತಾ? ಎಲ್ಲಾ ಮರವೂ ಬಂದಿದವಾ ಇವತ್ತು?"

"ಬಂದವೆ ಕಣಪ್ಪ. ನಿನ್ನಂಗೆ ಮೂರ್ ದಿನಕ್ಕೊಂದು ರಜ ಹಾಕಕಿಲ್ಲ ಅವು."

ನಾನು ತೆರಕಣಾಂಬಿಯಲ್ಲಿ ಆ ಬಸ್ಸು ಹತ್ತುತ್ತಿದ್ದೆ. ಚಾಮರಾಜನಗರದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಅವರು ನಮಗೆ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದರು. ಅವರು ತೀರಿಕೊಂಡು ಈಗ ಮೂರು ತಿಂಗಳು. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ನನ್ನ ತಪ್ಪೊಂದನ್ನು ಹೇಳಲು ಹೊರಟು ಅವರ ಹೆಸರನ್ನು ಎಳೆದು ತರುವುದು ಸರಿಯೋ ತಪ್ಪೋ ನನಗೆ ತೀರ್ಮಾನವಾಗಿಲ್ಲ. ನಮ್ಮ ಕಡೆಯವರು ಗುರುತು ಹಿಡಿದರೆ ಹಿಡಿಯಲಿ.

ನೋಡಲು ಮೇಷ್ಟ್ರ ಹಾಗೆ ಇರಲಿಲ್ಲ. ಹೊಲದಿಂದ ಈಗ ತಾನೇ ಕೈಕಾಲು ತೊಳೆದುಕೊಂಡು ಬಂದ ಮನುಷ್ಯನ ಹಾಗೆ ಇದ್ದರು. ಅವರದು ನಿಜಕ್ಕೂ ಉಳುವ ಮನೆಯೇ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು. ಗಿಡಗಳ ಲ್ಯಾಟಿನ್ ಹೆಸರನ್ನು ಸ್ಪಷ್ಟವಾಗಿ, ಮಂತ್ರ ಹೇಳಿದಂತೆ ಹೇಳಿ, ಮುಂದಿನ ಮಾತಿಗೆ ತಟ್ಟನೆ ಊರಿನ ಕನ್ನಡಕ್ಕೆ ಇಳಿಯುತ್ತಿದ್ದರು. ಟಿಫನ್ ಡಬ್ಬಿಯಲ್ಲಿ ದಿನವೂ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಊಟವಾದ ಮೇಲೆ ಡಬ್ಬಿ ತೊಳೆದ ನೀರನ್ನು ಕೂಡ ಸುಮ್ಮನೆ ಚೆಲ್ಲದೆ ಲ್ಯಾಬಿನ ಹಿಂದಿನ ಕರಿಬೇವಿನ ಬುಡಕ್ಕೆ ಹಾಕಿ ಬರುತ್ತಿದ್ದರು.

ಅವರ ಒಂದು ಪ್ರಶ್ನೆಗೆ ಇಡೀ ಕಾಲೇಜು ಹೆದರುತ್ತಿತ್ತು. "ನೋಡ್ದಾ, ಕೇಳ್ದಾ?" ಯಾರು ಏನೇ ಸುದ್ದಿ ಹೇಳಲಿ, ಮೊದಲು ಅದಕ್ಕೆ ಉತ್ತರ ಕೊಡಬೇಕು. ನೀನೇ ಕಣ್ಣಾರೆ ನೋಡಿದ್ದೋ, ಇನ್ನೊಬ್ಬರು ಹೇಳಿದ್ದನ್ನು ಕೇಳಿದ್ದೋ? ಅವರ ನೋಟ್‌ಬುಕ್ಕಿನ ಪ್ರತಿ ಸಾಲಿನ ಕೊನೆಗೂ ಒಂದು ಅಕ್ಷರ ಇರುತ್ತಿತ್ತು: ಸ್ವತಃ ನೋಡಿದ್ದಾದರೆ 'ನೋ', ಬೇರೆಯವರಿಂದ ಕೇಳಿದ್ದಾದರೆ 'ಕೇ'. ಎಷ್ಟೇ ನಂಬಿಕಸ್ಥರು ಹೇಳಲಿ, ಕೇಳಿದ್ದು ಕೇಳಿದ್ದೇ. ಅದು ನೋಡಿದ್ದರ ಸಾಲಿಗೆ ಬರಬೇಕಾದರೆ ಮೇಷ್ಟ್ರು ಬಸ್ಸು ಹತ್ತಿ ಹೋಗಿ ಬರಬೇಕು. ಮನೆಯಲ್ಲೂ ಇದೇ ಪಾಡು. ಎದುರು ಮನೆಯ ಹುಡುಗಿಗೆ ಗಂಡು ಗೊತ್ತಾಯಿತಂತೆ ಎಂದು ಅವರ ಹೆಂಡತಿ ಹೇಳಿದರೆ, "ನೋಡ್ದಾ, ಕೇಳ್ದಾ?" ಎನ್ನುವರಂತೆ. "ಎರಡೂ ಇಲ್ಲ, ಕೇಸರಿಬಾತಿನ ವಾಸ್ನೆ ಬಂತು" ಎಂದು ಆಯಮ್ಮ ಜಾಡಿಸುವರಂತೆ. ಈ ಕಥೆಯನ್ನು ಮೇಷ್ಟ್ರೇ ಕ್ಲಾಸಿನಲ್ಲಿ ಹೇಳಿಕೊಂಡು ನಗುತ್ತಿದ್ದರು.

ಕಾಪಿ ಹೊಡೆಯುವವರ ವಿಷಯದಲ್ಲಿ ಅವರು ಕಠಿಣವೋ ಮೆತ್ತಗೋ ಎಂಬುದು ನಮಗೆ ತಿಳಿಯುತ್ತಲೇ ಇರಲಿಲ್ಲ. ಒಂದು ಪರೀಕ್ಷೆಯಲ್ಲಿ ನನ್ನ ಹಿಂದಿನ ಬೆಂಚಿನ ಹುಡುಗನ ತೊಡೆಯ ಕೆಳಗಿಂದ ಚೀಟಿ ಎಳೆದರು. ಅವನು ಬೆವೆತುಹೋದ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಚೀಟಿಯನ್ನು ಎರಡು ಕಡೆಯೂ ನಿಧಾನವಾಗಿ ಓದಿದರು.

"ಚಿತ್ರಾನೇ ತಲೆಕೆಳಗಾಗಿ ಬರ್ಕೊಂಡಿದ್ದೀಯಲ್ಲೋ. ಇದ ನೋಡ್ಕೊಂಡ್ ಬರುದ್ರೂ ಫೇಲಾಯ್ತೀಯ ಕಣ್ಲಾ."

ಅಷ್ಟೇ. ಚೀಟಿಯನ್ನು ಜೇಬಿಗೆ ಹಾಕಿಕೊಂಡು ಮುಂದೆ ಹೋದರು. ಇಡೀ ಕ್ಲಾಸು ನಕ್ಕಿತು. ಆ ಹುಡುಗ ನಗಲಿಲ್ಲ. ಉಳಿದ ಎರಡು ಗಂಟೆ ಖಾಲಿ ಹಾಳೆಯ ಮುಂದೆ ಕೂತಿದ್ದು ಎದ್ದು ಹೋದ. ಅದನ್ನು ಶಿಕ್ಷೆ ಎನ್ನಬೇಕೋ ಕರುಣೆ ಎನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ನನ್ನ ವಿಷಯ.

ಕೊನೆಯ ವರ್ಷ ಪ್ರತಿಯೊಬ್ಬರೂ ಇಪ್ಪತ್ತೈದು ಗಿಡಗಳ ಹರ್ಬೇರಿಯಂ ಮಾಡಿ ಒಪ್ಪಿಸಬೇಕಿತ್ತು. ಎಂದರೆ, ನಾವೇ ಹೋಗಿ ಹೂವೋ ಕಾಯೋ ಇರುವ ಟೊಂಗೆ ಕಿತ್ತು, ಹಳೆಯ ಪೇಪರಿನ ಮಡಿಕೆಯಲ್ಲಿಟ್ಟು, ಮೇಲೆ ರಾಗಿ ಮೂಟೆ ಹೇರಿ ಒಣಗಿಸಿ, ದಪ್ಪ ಹಾಳೆಗೆ ಹೊಲಿದು, ಮೂಲೆಯಲ್ಲಿ ಲೇಬಲ್ ಅಂಟಿಸಬೇಕು. ಗಿಡದ ಹೆಸರು, ಸಿಕ್ಕಿದ ಜಾಗ, ತಾರೀಖು, ಕಿತ್ತವರ ಹೆಸರು. ಕೆಲವು ಗಿಡಗಳಾದರೂ ಕಾಡಂಚಿನವು ಇರಬೇಕು ಎಂಬುದು ಮೇಷ್ಟ್ರ ಕಟ್ಟಪ್ಪಣೆ. "ನಾಲ್ಕೈದು ಜನ ಜೊತೆ ಮಾಡ್ಕೊಂಡು ಭಾನುವಾರ ಹೋಗ್ಬನ್ನಿ. ಒಳಕ್ಕೆ ನುಗ್ಗಬೇಡಿ, ಆನೆ ಇದ್ದಾವು. ರಸ್ತೆ ಬದಿಯೇ ಸಾಕು." ಅಕ್ಟೋಬರಿನ ಒಂದು ಭಾನುವಾರ ನಮ್ಮ ಕ್ಲಾಸಿನ ಐವರು ಹುಡುಗಿಯರು ಸತ್ಯಮಂಗಲದ ಬಸ್ಸು ಹತ್ತಿ ಕಾಡಂಚಿನ ಪುಣಜನೂರಿಗೆ ಹೋಗಿಬಂದರು. ನಾನು ಆರನೆಯವಳಾಗಬೇಕಿತ್ತು.

ಯಾಕೆ ಹೋಗಲಿಲ್ಲ? ಮನೆಯಲ್ಲಿ ಈರುಳ್ಳಿ ಕೀಳುತ್ತಿದ್ದರು, ಆಳು ಸಾಲದೆ ನಾನೂ ನಿಲ್ಲಬೇಕಾಯಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಈರುಳ್ಳಿ ಕೀಳುತ್ತಿದ್ದುದು ನಿಜ. ಆದರೆ ಆ ದಿನ ನಾನು ಹೊಲಕ್ಕೂ ಹೋಗಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು, ಸ್ನಾನ ಮಾಡಿ, ಬಿಸಿಲಿಗೆ ಕೂದಲು ಹರಡಿಕೊಂಡು ಜಗಲಿಯ ಮೇಲೆ ಕೂತಿದ್ದೆ. ಬೇಜಾರಾಗಿತ್ತು, ಅಷ್ಟೇ.

ಒಪ್ಪಿಸುವ ದಿನ ಹತ್ತಿರ ಬಂದಾಗ ಕೈಯಲ್ಲಿ ಒಂಬತ್ತು ಹಾಳೆ ಇದ್ದವು. ನನ್ನ ಗೆಳತಿ ರಾಜಮ್ಮಣಿ, "ಬುಡೇ, ಅದಕ್ಯಾಕೆ ಇಂಗ್ ಅಳ್ತೀಯ? ನಮ್ಮಕ್ಕನ ಹಳೇ ಶೀಟು ಅಟ್ಟದ ಮೇಲವೆ. ಲೇಬಲ್ ಬದ್ಲಾಯ್ಸು" ಎಂದಳು. ಕಾಲೇಜಿನಲ್ಲಿ ಅದು ಹೊಸದೇನಲ್ಲ. ಹಳೆಯ ಹಾಳೆಗಳು ಅಕ್ಕನಿಂದ ತಂಗಿಗೆ, ಸೀನಿಯರಿನಿಂದ ಜೂನಿಯರಿಗೆ ಇಳಿದು ಬರುತ್ತಿದ್ದವು, ಮನೆಯಲ್ಲಿ ಲಂಗ ಇಳಿದು ಬರುವ ಹಾಗೆ. ಮೈದಾ ಅಂಟು ಕಾಯಿಸಿಕೊಂಡು ಒಂದು ಮಧ್ಯಾಹ್ನ ಕೂತು ಹದಿನಾರು ಹಾಳೆಗಳಿಗೆ ಹೊಸ ಲೇಬಲ್ ಅಂಟಿಸಿದೆ. ಜಾಗ: ಪುಣಜನೂರು. ತಾರೀಖು: ಗೆಳತಿಯರು ಹೋಗಿದ್ದ ಆ ಅಕ್ಟೋಬರಿನ ಭಾನುವಾರ. ಹದಿನಾರಕ್ಕೂ ಒಂದೇ.

ಆ ಹದಿನಾರರಲ್ಲಿ ಒಂದು ಮುತ್ತುಗ. ಹೂ ಇರುವ ಟೊಂಗೆ; ಒಣಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಮುತ್ತುಗ ಹೂ ಬಿಡುವುದು ಶಿವರಾತ್ರಿಯ ಆಸುಪಾಸಿನಲ್ಲಿ, ಎಲೆಯೆಲ್ಲ ಉದುರಿದ ಮೇಲೆ. ನಮ್ಮೂರಿನಲ್ಲಿ ದನ ಮೇಯಿಸುವವರಿಗೂ ಅದು ಗೊತ್ತು. ನನಗೂ ಗೊತ್ತಿತ್ತು. ಲೇಬಲ್ ಬರೆಯುತ್ತಿದ್ದ ಕೈಗೆ ಗೊತ್ತಿರಲಿಲ್ಲ.

ಒಪ್ಪಿಸಿದ ದಿನ ಮೇಷ್ಟ್ರು ಒಂದೊಂದೇ ಹಾಳೆ ಮಗುಚುತ್ತ, ಸಹಿ ಹಾಕುತ್ತ ಬಂದವರು ಮುತ್ತುಗದ ಮುಂದೆ ನಿಂತರು. ನಾನು ಮೇಜಿನ ಪಕ್ಕದಲ್ಲಿ ನಿಂತಿದ್ದೆ.

"ಪುಣಜನೂರಾ?"

"ಹೂಂ ಸಾರ್."

"ಅಕ್ಟೋಬರಾ?"

ಆಗ ನನಗೆ ಹೊಳೆಯಿತು. ತಾರೀಖು ತಪ್ಪಾಯಿತು ಸಾರ್ ಎನ್ನಬಹುದಿತ್ತು. ಹಾಗೆ ಒಂದು ಎಳೆ ಎಳೆದರೆ ಉಳಿದ ಹದಿನೈದೂ ಬಿಚ್ಚಿಕೊಳ್ಳುತ್ತವೆ ಎಂಬ ಭಯ.

"ಹೂಂ ಸಾರ್."

"ನೋಡ್ದಾ, ಕೇಳ್ದಾ?"

"ನೋಡ್ದೆ ಸಾರ್."

ಅವರು ಕನ್ನಡಕ ತೆಗೆದು ಶರ್ಟಿನ ತುದಿಯಲ್ಲಿ ಒರೆಸಿಕೊಂಡರು. ಕಿಟಕಿಯಾಚೆ ಸ್ವಲ್ಪ ಹೊತ್ತು ನೋಡಿದರು. "ಈ ಸಲ ಮಳೆ ಹಿಂದುಮುಂದಾಯ್ತಲ್ಲ. ಒಂದೊಂದು ಮರ ಹಂಗೆ ತಪ್ಪಿ ಬಿಡ್ತದೆ. ಮರ ಎಲ್ಲದೆ?"

"ಚೆಕ್‌ಪೋಸ್ಟ್ ದಾಟಿ ಸ್ವಲ್ಪ ಮುಂದಕ್ಕೆ ಸಾರ್. ಎಡಗಡೆ."

ಅಲ್ಲಿ ಚೆಕ್‌ಪೋಸ್ಟ್ ಇದೆ ಎಂದು ಹೋಗಿಬಂದಿದ್ದ ರಾಜಮ್ಮಣಿ ಹೇಳಿದ್ದಳು. ಉಳಿದದ್ದು ಬಾಯಿಗೆ ಬಂದದ್ದು. ಅವರು ಸಹಿ ಹಾಕಿದರು. ಇಪ್ಪತ್ತೈದು ಹಾಳೆಗೂ ಪೂರ್ತಿ ಅಂಕ ಕೊಟ್ಟರು. ಆಮೇಲೆ ಆ ಚಿಕ್ಕ ನೋಟ್‌ಬುಕ್ಕು ತೆಗೆದು ಏನೋ ಬರೆದುಕೊಂಡರು.

ಮುಂದಿನ ಸೋಮವಾರ ಬಸ್ಸಿನಲ್ಲಿ ನನ್ನನ್ನು ಕಂಡವರೇ ಪಕ್ಕದ ಸೀಟು ತೋರಿಸಿ ಕೂರಿಸಿಕೊಂಡರು. ಚಪ್ಪಲಿಯಂಚಿಗೆ ಕೆಂಪು ಮಣ್ಣು ಒಣಗಿತ್ತು.

"ನೆನ್ನೆ ಹೋಗಿದ್ದೆ ಕಣಮ್ಮಿ. ನೀನು ಹೇಳಿದ್ ಜಾಗದಲ್ಲೇ ಅದೆ ಮರ. ಹೂವಿಲ್ಲ. ಉದುರೋಗಿರ್ಬೇಕು, ಒಂದೂವರೆ ತಿಂಗಳಾಯ್ತಲ್ಲ."

ನಾನು ಕಟ್ಟಿ ಹೇಳಿದ ಜಾಗದಲ್ಲಿ ನಿಜವಾಗಿಯೂ ಒಂದು ಮುತ್ತುಗ ಇತ್ತು. ಆ ರಸ್ತೆಯಲ್ಲಿ ಮುತ್ತುಗ ಎಲ್ಲೆಲ್ಲೂ ಇದೆ, ಆಶ್ಚರ್ಯವೇನಿಲ್ಲ. ಆದರೆ ಆ ಕ್ಷಣಕ್ಕೆ ದಿಗಿಲಾಯಿತು. ಈಗ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ. ಕಂಡಕ್ಟರ್ ಬಂದು, "ಪಾಸ್ ತೋರ್ಸವ್ವ" ಎಂದ. ಬ್ಯಾಗಿನಲ್ಲಿ ಪಾಸು ಹುಡುಕುವಷ್ಟರಲ್ಲಿ ಆ ಧೈರ್ಯ ಎಲ್ಲಿಗೋ ಹೋಯಿತು. ಚಾಮರಾಜನಗರ ಬರುವವರೆಗೂ ಮೇಷ್ಟ್ರು ಕಿಟಕಿಯ ಆಚೆಯೇ ನೋಡುತ್ತಿದ್ದರು.

ಮುಂದೆ ಬಿ.ಎಡ್. ಆಯಿತು, ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಗಿ ಗುಂಡ್ಲುಪೇಟೆಗೇ ಬಂದೆ. ಮೇಷ್ಟ್ರ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ತರಕಾರಿ ಮಾರ್ಕೆಟ್ಟಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದರು. ಕೇರಳದ ಲಾರಿಗಳ ಸಂದಿಯಲ್ಲಿ ಚೀಲ ಹಿಡಿದು ನಿಂತು ನನ್ನ ಮಕ್ಕಳ ಬಗ್ಗೆ ವಿಚಾರಿಸುತ್ತಿದ್ದರು. ಯಾವ ಪಾಠ ನಡೆದಿದೆ, ಹುಡುಗರನ್ನು ಹೊರಗೆ ಕರೆದುಕೊಂಡು ಹೋಗುತ್ತೀಯೋ ಇಲ್ಲವೋ ಎಂದು ಕೇಳುತ್ತಿದ್ದರು. ಮುತ್ತುಗದ ಮಾತು ಒಂದು ಸಲವೂ ಎತ್ತಲಿಲ್ಲ. ಒಂದೇ ಒಂದು ಸಲ, ಬೀನ್ಸ್ ಆರಿಸುತ್ತಿದ್ದವರು ತಲೆಯೆತ್ತಿ, "ಅಕ್ಟೋಬರ್ ಬಂತಲ್ಲವ್ವ" ಎಂದು ನಕ್ಕರು. ನಾನು, "ಹೂಂ ಸಾರ್, ಎಷ್ಟು ಬೇಗ" ಎಂದೆ. ಆ ನಗುವಿಗೆ ಅರ್ಥವಿತ್ತೋ, ನಾನೇ ಅರ್ಥ ಹಚ್ಚಿಕೊಂಡೆನೋ? ಮನೆಗೆ ಬಂದು ನೋಡಿದರೆ ಚೀಲದಲ್ಲಿ ಬೀನ್ಸೇ ಇರಲಿಲ್ಲ. ಅಲ್ಲೇ ಬಿಟ್ಟು ಬಂದಿದ್ದೆ.

ಕಳೆದ ತಿಂಗಳು ಮಾದೇಶ ಫೋನ್ ಮಾಡಿದ. ಮೇಷ್ಟ್ರ ಕೊನೆಯ ವರ್ಷಗಳ ವಿದ್ಯಾರ್ಥಿ ಅವನು. ಈಗ ತಾನೂ ಸಸ್ಯಶಾಸ್ತ್ರ ಹೇಳಿಕೊಡುತ್ತಾನೆ. ಮೇಷ್ಟ್ರ ನೋಟ್‌ಬುಕ್ಕುಗಳನ್ನೆಲ್ಲ ಸೇರಿಸಿ, ಯಾವ ಮರ ಎಲ್ಲಿ ಯಾವ ತಿಂಗಳು ಹೂ ಬಿಟ್ಟಿತು ಎಂಬುದನ್ನು ಪುಸ್ತಕ ಮಾಡಿಸಬೇಕೆಂದು ಹಳೆಯ ವಿದ್ಯಾರ್ಥಿಗಳು ಸೇರಿ ಹೊರಟಿದ್ದರು. "ಅವರ ಪೆನ್ಸಿಲ್ ಬರವಣಿಗೆ ನಂಗೆ ಅರ್ಧ ಅರ್ಥ ಆಗ್ತಿಲ್ಲ ಮೇಡಂ. ನೀವು ಹತ್ತಿರದಲ್ಲೇ ಇದ್ದೀರಲ್ಲ, ಭಾನುವಾರ ಬೆಳಿಗ್ಗೆ ಅವರ ಮನೆಗೆ ಬನ್ನಿ, ಕೂತು ಓದೋಣ" ಎಂದ. ಆಗಲಿ ಎಂದೆ.

ಮೇಷ್ಟ್ರ ಹೆಂಡತಿ ನಡುಮನೆಯಲ್ಲಿ ಮೊರ ಹಿಡಿದು ಹುರುಳಿಕಾಳು ಹಸನು ಮಾಡುತ್ತಿದ್ದರು. ನಾವು ಅವರ ಎದುರಿಗೇ ಚಾಪೆಯ ಮೇಲೆ ಕೂತೆವು. ನಾನು ಓದುವುದು, ಮಾದೇಶ ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುವುದು. ಮೂರನೆಯ ನೋಟ್‌ಬುಕ್ಕಿನಲ್ಲಿ ನನ್ನ ಹೆಸರು ಸಿಕ್ಕಿತು.

'ಮುತ್ತುಗ. ಪುಣಜನೂರು, ಚೆಕ್‌ಪೋಸ್ಟ್ ದಾಟಿ ಎಡಕ್ಕೆ. ಅಕ್ಟೋಬರ್. ಹೂ ಇತ್ತು.' ಪಕ್ಕದಲ್ಲಿ ನನ್ನ ಹೆಸರು, ಕ್ಲಾಸು. ಕೊನೆಗೆ 'ಕೇ'.

ನಾನು 'ನೋಡ್ದೆ' ಎಂದಿದ್ದೆ. ಅದು ನನ್ನ ನೋಟ, ಅವರಿಗೆ ಕೇಳಿದ್ದೇ. ಸರಿಯಾಗಿಯೇ ಬರೆದುಕೊಂಡಿದ್ದರು. ಅದರ ಕೆಳಗೆ ಆ ಸೋಮವಾರದ ಹಿಂದಿನ ದಿನದ ಸಾಲು: 'ಮರ ಇದೆ. ಹೂ ಇಲ್ಲ. ನೋ.' ಇಷ್ಟು ಇರುತ್ತದೆ ಎಂದು ನನಗೂ ಗೊತ್ತಿತ್ತು. ಆದರೆ ಮುಂದಿನ ವರ್ಷದ ನೋಟ್‌ಬುಕ್ಕು ತೆರೆದರೆ ಅಕ್ಟೋಬರಿನಲ್ಲಿ ಮತ್ತೆ: 'ಪುಣಜನೂರು ಮುತ್ತುಗ. ಹೂ ಇಲ್ಲ. ನೋ.' ಅದರ ಮುಂದಿನ ವರ್ಷ ಮತ್ತೆ. ಅದರ ಮುಂದಿನ ವರ್ಷವೂ. ಮಾದೇಶ, "ಇದೇನ್ ಮೇಡಂ, ಇದೊಂದು ಮರಕ್ಕೆ ಪ್ರತಿ ವರ್ಷ ಹೋಗಿದ್ದಾರಲ್ಲ" ಎಂದು ಎಣಿಸಿದ. ಹದಿನಾಲ್ಕು ವರ್ಷ. ಆಮೇಲೆ ಮಂಡಿ ನೋವು ಬಂದು ಬಸ್ಸು ಹತ್ತುವುದು ನಿಂತ ಮೇಲೂ ಸಾಲು ನಿಂತಿರಲಿಲ್ಲ. ಆ ದಾರಿಯ ಡ್ರೈವರುಗಳನ್ನೋ ಕಂಡಕ್ಟರುಗಳನ್ನೋ ವಿಚಾರಿಸಿ ಬರೆದಿದ್ದರು: 'ಹೂ ಇಲ್ಲವಂತೆ. ಕೇ.' ಕೊನೆಯ ಸಾಲು ಹೋದ ಅಕ್ಟೋಬರಿನದು. ಅಕ್ಷರ ನಡುಗಿತ್ತು.

ನಾನು ಓದುವುದನ್ನು ನಿಲ್ಲಿಸಿದೆ. ಮಾದೇಶ ಉತ್ಸಾಹದಲ್ಲಿದ್ದ. "ಹೂ ಇಲ್ಲ ಅನ್ನೋದೂ ಒಳ್ಳೇ ದಾಖಲೆ ಮೇಡಂ. ಯಾರೂ ಇಷ್ಟು ವರ್ಷ ಒಂದು ಮರ ನೋಡಿರಲ್ಲ. ಮೊದಲನೇ ವರ್ಷ ನೀವು ನೋಡಿದ್ದೊಂದೇ ಅಪರೂಪದ್ದು. ನಿಮ್ಮ ಹೆಸರು ಹಾಕಿಯೇ ಪ್ರಿಂಟ್ ಮಾಡೋಣ."

"ನಾನು ನೋಡಿರಲಿಲ್ಲ" ಎಂದೆ.

ಇಷ್ಟು ವರ್ಷ ಹೇಗೆ ಹೇಳುವುದು ಎಂದು ತಲೆ ಕೆಡಿಸಿಕೊಂಡಿದ್ದ ಮಾತು ಅಷ್ಟೇ ಸಣ್ಣದಾಗಿ ಹೊರಗೆ ಬಂತು. ಆಮೇಲೆ ಎಲ್ಲವನ್ನೂ ಹೇಳಿದೆ. ಹಳೆಯ ಹಾಳೆ, ಮೈದಾ ಅಂಟು, ಜಗಲಿಯ ಬಿಸಿಲು. ಹೇಳುವಾಗ ಮಾದೇಶನ ಕಡೆಗೆ ತಿರುಗಿ ಹೇಳಿದೆ. ಮೊರದ ಸದ್ದು ನಿಂತಿದ್ದು ಗೊತ್ತಾಯಿತು.

ಮಾದೇಶ ತಲೆ ಕೆರೆದುಕೊಂಡ. "ಹಂಗಾದ್ರೆ ಆ ಸಾಲು ತೆಗೆದುಬಿಡೋಣ ಮೇಡಂ, ಯಾರಿಗೂ ಗೊತ್ತಾಗಲ್ಲ."

"ತೆಗೆದರೆ ಅವರು ಯಾಕೆ ಹದಿನಾಲ್ಕು ವರ್ಷ ಅಲ್ಲಿಗೆ ಹೋದರು ಅಂತ ಓದಿದವರು ಕೇಳಲ್ವಾ?"

"ಉಳಿದ ಸಾಲೂ ತೆಗೆಯೋಣ."

"ಅವರು ಕಾಲು ಸವೆಸಿ ನೋಡಿ ಬಂದಿದ್ದನ್ನ ನಾವು ತೆಗೆಯೋದಾ?"

"ಇರೋ ಹಂಗೇ ಹಾಕಿದ್ರೆ ನಿಮ್ಮ ಸುಳ್ಳು ನಿಜ ಅಂತ ಅಚ್ಚಾಗ್ತದೆ. ವಿಷಯ ಬಿಡಿಸಿ ಬರೆದ್ರೆ..." ಅವನು ದನಿ ತಗ್ಗಿಸಿದ. "ಮೇಷ್ಟ್ರನ್ನ ಒಂದು ಹುಡುಗಿ ಏಮಾರಿಸಿದಳು ಅಂತ ಆಗ್ತದಲ್ಲ ಮೇಡಂ. ನೀವೂ ಇಲ್ಲೇ ಕೆಲಸದಲ್ಲಿದ್ದೀರ. ನಿಮ್ಮ ಸ್ಕೂಲಿನ ಮಕ್ಕಳೇ ಓದ್ತಾರೆ."

ಅವನು ಹೇಳಿದ್ದೆಲ್ಲ ಸರಿ. ಮುಚ್ಚಿದರೆ ಅವರ ಕೆಲಸ ಕೆಡುತ್ತದೆ, ಬಿಚ್ಚಿದರೆ ಅವರ ಹೆಸರು ಕೆಡುತ್ತದೆ. ಅಷ್ಟಕ್ಕೂ ಅವರು ಏಮಾರಿದ್ದರೇ? ಓಡುವ ಬಸ್ಸಿನಿಂದಲೇ ಎಲೆಯ ಬಣ್ಣ ನೋಡಿ ಮರದ ಹೆಸರು ಹೇಳುವ ಮನುಷ್ಯನಿಗೆ ಹಳೆಯ ಹಾಳೆಯ ಮೇಲೆ ಹೊಸ ಲೇಬಲ್ಲು ಕಾಣಲಿಲ್ಲವೇ? ಕಂಡಿದ್ದರೆ ಪುಣಜನೂರಿಗೆ ಯಾಕೆ ಹೋದರು? ನಂಬಿ ಹೋದರೆ ಒಂದು ಸಲ ಹೋಗಬಹುದು, ಎರಡು ಸಲ ಹೋಗಬಹುದು. ನಂಬದೆ ಇದ್ದರೆ ಒಂದು ಸಲವೂ ಹೋಗಬೇಕಾಗಿಲ್ಲ. ಹದಿನಾಲ್ಕು ಎಂಬುದು ಎರಡಕ್ಕೂ ಹೊಂದುವುದಿಲ್ಲ. ನನ್ನ ತಲೆಯಲ್ಲಿ ಇವೇ ಸುತ್ತುತ್ತಿದ್ದವು.

"ಅಮ್ಮ, ಅವರಿಗೆ ಗೊತ್ತಿತ್ತಾ?" ಎಂದು ಕೊನೆಗೆ ಅವರ ಹೆಂಡತಿಯ ಕಡೆಗೆ ತಿರುಗಿ ಕೇಳಿದೆ.

ಆಯಮ್ಮ ಮೊರವನ್ನು ಕೆಳಗಿಟ್ಟರು. "ನಂಗೇನ್ ಗೊತ್ತವ್ವ ಅವ್ರ ಮನ್ಸಿನ ಒಳ್ಗಿಂದು? ಎಲ್ಡ್ ಸಲ ನಾನೂ ಜೊತೇಲಿ ಓಗಿದ್ದೆ. ಮರದ ಬುಡದಲ್ಲಿ ಕೂತು ಬುತ್ತಿ ಉಣ್ಣೋರು, ಮ್ಯಾಲಕ್ಕೆ ನೋಡೋರು, ಬರ್ಕಳೋರು, ಬರೋರು. ನಾನು ಬೈದೆ. ಊವೇ ಇಲ್ದಿದ್ ಮರಕ್ಕೆ ಇದೇನ್ರೀ ನಿಮ್ದು ವರ್ಸೊರ್ಸದ ಅರಕೆ ಅಂತ. ಅದಕ್ಕೆ ಅವ್ರು, 'ಒಬ್ಳು ನೋಡ್ದೆ ಅಂದವಳೆ ಕಣೆ. ಅವ್ಳು ಇಲ್ಲ ಅನ್ನಗಂಟ ನಾನು ಬರಬೇಕಲ್ಲ' ಅಂದ್ರು."

ನನ್ನ ಕಣ್ಣಲ್ಲಿ ನೀರು ಬಂತು. ಆಯಮ್ಮನಿಗೆ ಅದು ಹಿಡಿಸಲಿಲ್ಲ ಎಂದು ಕಾಣುತ್ತದೆ.

"ಅಳ್ಬ್ಯಾಡ ಸುಮ್ಕಿರು. ಅವ್ರ್ಗೇನು, ಮರ ನೋಡಾದು ಅಂದ್ರೆ ಉಬ್ಬೋಗೋರು. ಕೋಳಿ ಕೂಗಾ ಒತ್ತಿಗೆ ಎದ್ದು ಹದಿನಾಕು ವರ್ಸ ಬುತ್ತಿ ಕಟ್ಟಿದೋಳು ನಾನು ಕಣವ್ವ. ಆನೆ ದಾರಿ ಅಂತಾವ ಅವ್ರು ಬಸ್ ಇಳ್ದು ಮನೆಗ್ ಬರಗಂಟ ಬಾಗ್ಲಲ್ಲೇ ಕೂತಿರ್ತಿದ್ದೆ. ಎಲ್ಡ್ ಬೀದಿ ಆಚೆಗಿದ್ದೆ ನೀನು. ಬಂದು ನಂಗಾದ್ರೂ ಒಂದ್ ಮಾತ್ ಏಳ್ಬೌದಿತ್ತು."

ಇಷ್ಟು ವರ್ಷ ನಾನು ಮೇಷ್ಟ್ರಿಗೆ ಮಾತ್ರ ಮೋಸ ಮಾಡಿದೆ ಎಂದುಕೊಂಡಿದ್ದೆ. ಈ ಬಾಗಿಲಲ್ಲಿ ಒಬ್ಬರು ಕಾದು ಕೂತಿದ್ದರು ಎಂಬುದು ನನ್ನ ಯೋಚನೆಗೇ ಬಂದಿರಲಿಲ್ಲ. ತಪ್ಪಾಯಿತು ಎಂದೆ. ಅವರು ಎದ್ದು ಒಳಗೆ ಹೋಗಿ ನಮಗೆ ನೀರು ತಂದಿಟ್ಟರು.

"ಏನ್ ಮಾಡಾದಮ್ಮ ಈಗ? ನೀವ್ ಹೇಳ್ದಂಗೆ" ಎಂದ ಮಾದೇಶ.

"ಅವ್ರು ಬರ್ದಿರಾದ್ನ ಒಂದಕ್ಸರ ತೆಗೀಬ್ಯಾಡಿ. ಕೆಳಗಡೆ ಇವ್ಳೇ ಬರೀಲಿ. ಎಸ್ರಾಕಿ ಬರೀಲಿ."

"ಮೇಷ್ಟ್ರನ್ನ ಜನ ಪೆದ್ದ ಅಂತಾರಲ್ಲ ಅಮ್ಮ."

"ಅನ್ಲಿ ಬುಡು. ಓಗಿ ನೋಡ್ಕಂಡ್ ಬಂದೋರು ಪೆದ್ರಾ, ಕೂತಲ್ಲೇ ನೋಡ್ದೆ ಅಂದೋರು ಪೆದ್ರಾ? ಓದ್ದೋರೇ ನೋಡ್ಕಳ್ಲಿ."

ಮಾದೇಶ ಒಂದು ಹಾಳೆ ಕೊಟ್ಟ. ನಾನು ಮೂರು ಸಲ ಬರೆದು ಮೂರು ಸಲ ಹೊಡೆದು ಹಾಕಿದೆ. ಮೊದಲನೆಯದರಲ್ಲಿ ಕಾರಣಗಳಿದ್ದವು. ಎರಡನೆಯದರಲ್ಲಿ ಮೇಷ್ಟ್ರ ಮೇಲಿನ ಗೌರವ ಜಾಸ್ತಿ ಇತ್ತು. ಮೂರನೆಯದರಲ್ಲಿ ನನ್ನ ಪಶ್ಚಾತ್ತಾಪವೇ ತುಂಬಿಕೊಂಡಿತ್ತು. ಕೊನೆಗೆ ಉಳಿದದ್ದು ಇಷ್ಟು: 'ಪುಣಜನೂರಿನ ಮುತ್ತುಗ ಅಕ್ಟೋಬರಿನಲ್ಲಿ ಹೂ ಬಿಟ್ಟಿತ್ತು ಎಂದು ಹೇಳಿದವಳು ನಾನು. ನಾನು ಅಲ್ಲಿಗೆ ಹೋಗಿರಲಿಲ್ಲ. ಆ ಹೂವನ್ನು ನಾನು ನೋಡಿರಲಿಲ್ಲ.' ಕೆಳಗೆ ಹೆಸರು, ಊರು ಬರೆದೆ.

ಸಂಜೆ ರಾಜಮ್ಮಣಿಗೆ ಫೋನ್ ಮಾಡಿ ಹೇಳಿದಾಗ ಅವಳು, "ಈಗ್ಯಾಕೆ ಬೇಕಿತ್ತೇ ಇದೆಲ್ಲ? ನಮ್ಮಕ್ಕನ ಹೆಸ್ರೂ ಬತ್ತದಾ?" ಎಂದು ಗಾಬರಿಯಾದಳು. ಇಲ್ಲ ಎಂದೆ. "ಅಕ್ಕನೂ ಅದ್ನ ಯಾರ ಹತ್ರನೋ ಈಸ್ಕೊಂಡಿದ್ಲು ಕಣೆ" ಎಂದಳು. ಹಾಗಾದರೆ ಆ ಹೂವನ್ನು ಯಾರು, ಎಲ್ಲಿ, ಯಾವಾಗ ಕಿತ್ತರು? ಕೇಳೋಣವೆಂದರೆ ಯಾರನ್ನು ಕೇಳುವುದು? ನಾನು ಬರೆದುಕೊಟ್ಟದ್ದರಿಂದ ಮೇಷ್ಟ್ರ ಪುಸ್ತಕ ಸರಿಹೋಯಿತೋ, ಇನ್ನಷ್ಟು ಗೋಜಲಾಯಿತೋ? ಮುಂದಿನ ತಿಂಗಳು ಅಚ್ಚಾಗಿ ಬಂದಾಗ ಹತ್ತನೇ ಕ್ಲಾಸಿನ ಮಕ್ಕಳ ಮುಂದೆ ಹೇಗೆ ನಿಲ್ಲುವುದು? ಇದ್ಯಾವುದೂ ನನಗೆ ಇನ್ನೂ ಬಗೆಹರಿದಿಲ್ಲ.

ಆ ಬೆಳಿಗ್ಗೆ ನಾನು ಮೇಷ್ಟ್ರ ಮನೆಯಿಂದ ಹೊರಡುವ ಮುಂಚೆ ಆಯಮ್ಮ, "ಏನ್ ಬರ್ದಿದ್ದೀಯ, ಓದು" ಎಂದರು. ಅವರಿಗೆ ಓದು ಬರದು. ನಾನು ಓದಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, "ಕೊನೇದು ಇನ್ನೊಂದ್ ಸಲ" ಎಂದರು.

"ಆ ಹೂವನ್ನು ನಾನು ನೋಡಿರಲಿಲ್ಲ."

ಅವರು ಮತ್ತೆ ಮೊರ ಎತ್ತಿಕೊಂಡರು. ಗೋಡೆಯ ಮೇಲಿನ ಮೇಷ್ಟ್ರ ಫೋಟೋದ ಕಡೆ ಒಮ್ಮೆ ನೋಡಿ, ಕಲ್ಲೊಂದನ್ನು ಆರಿಸಿ ಹೊರಗೆ ಹಾಕಿ, ನನಗೋ ಫೋಟೋಗೋ ಎಂದು ತಿಳಿಯದ ಹಾಗೆ ಹೇಳಿದರು:

"ಸರಿ ಬುಡು. ಇನ್ನವ್ರು ಓಗಂಗಿಲ್ಲ."